ಪುಲಾವ್ ಉಬಿನ್‌ಗೆ ಒಂದು ದಿನ: ದೋಣಿ, ಸೈಕಲ್, ಇಳಿತದ ಲೆಕ್ಕ

ಪ್ರಶ್ನಾರ್ಥಕ
ಸಿಂಗಪುರದಲ್ಲಿ ಮರೀನಾ ಬೇ, ಸೆಂತೋಸಾ ಎಲ್ಲ ಮುಗಿದ ಮೇಲೆ ಒಂದು ದಿನ ಗದ್ದಲವಿಲ್ಲದ ಕಡೆ ಹೋಗಬೇಕು. ಎಲ್ಲರೂ ಪುಲಾವ್ ಉಬಿನ್ ದ್ವೀಪ ಅನ್ನುತ್ತಾರೆ. ಹುಡುಕಿದರೆ ಸಿಗುವುದು ಬರೀ ಫೋಟೋ, ಕೆಲಸಕ್ಕೆ ಬರುವ ಮಾಹಿತಿ ಕಡಿಮೆ. ಹೋಗುವವರು ನಾಲ್ಕು ಜನ ದೊಡ್ಡವರು (ಒಬ್ಬರಿಗೆ ಅರವತ್ತೈದು ದಾಟಿದೆ, ಮಂಡಿ ನೋವಿದೆ), ಜೊತೆಗೆ ಹತ್ತು ವರ್ಷದ ಒಂದು ಮಗು. ಯಾವ ದಿನ ಹೋಗುವುದು, ದೋಣಿಗೆ ಮೊದಲೇ ಟಿಕೆಟ್ ಮಾಡಿಸಬೇಕಾ, ಸೈಕಲ್ಲಾ ನಡಿಗೆಯಾ, ಸಸ್ಯಾಹಾರ ಸಿಗುತ್ತದಾ? ಗೊತ್ತಿದ್ದವರು ವಿವರವಾಗಿ ಬರೆಯಿರಿ.

ಚಾಂಗಿಬಸ್
ಮೊದಲು ತಲುಪುವ ದಾರಿ. ಹೋಗಬೇಕಾದ್ದು ಚಾಂಗಿ ಪಾಯಿಂಟ್ ಫೆರ್ರಿ ಟರ್ಮಿನಲ್‌ಗೆ. ಚಾಂಗಿ ವಿಮಾನ ನಿಲ್ದಾಣಕ್ಕೂ ಇದಕ್ಕೂ ಸಂಬಂಧ ಇಲ್ಲ, ಟ್ಯಾಕ್ಸಿಯಲ್ಲಿ ಬರೀ "ಚಾಂಗಿ" ಅಂದುಬಿಡಬೇಡಿ. ಬಸ್ಸಿನಲ್ಲಾದರೆ ತಾನಾ ಮೇರಾ ಮೆಟ್ರೋದಿಂದ 2, ತಾಂಪಿನೀಸ್‌ನಿಂದ 29. 59 ಮತ್ತು 109 ಕೂಡ ಬರುತ್ತವೆ. ನಾಲ್ಕೂ ಚಾಂಗಿ ವಿಲೇಜ್ ಬಸ್ ನಿಲ್ದಾಣದಲ್ಲೇ ಕೊನೆ. ಅಲ್ಲಿಂದ ಟರ್ಮಿನಲ್‌ಗೆ ಎರಡು ಮೂರು ನಿಮಿಷದ ನಡಿಗೆ.

ಟಿಕೆಟ್ ಅನ್ನುವುದೇ ಇಲ್ಲ. ಮರದ ಡೀಸೆಲ್ ದೋಣಿ, ಬಮ್‌ಬೋಟ್ ಅಂತಾರೆ. ಹನ್ನೆರಡು ಜನ ಆದರೆ ಹೊರಡುತ್ತದೆ, ಆಗದಿದ್ದರೆ ಕಾಯುತ್ತದೆ. ತಲೆಗೆ 4 ಸಿಂಗಪುರ ಡಾಲರ್, ಒಂದು ಕಡೆಗೆ. ದುಡ್ಡು ದೋಣಿಯಲ್ಲೇ ಕೈಗೆ ಕೊಡುವುದು, ನಗದು. ಸ್ವಂತ ಸೈಕಲ್ ಇದ್ದರೆ ಅದಕ್ಕೆ 2 ಡಾಲರ್ ಹೆಚ್ಚು. ಹತ್ತು ನಿಮಿಷಕ್ಕೆ ಆಚೆ ದಡ.

ವಾರದ ದಿನ ಬೆಳಿಗ್ಗೆ ಹನ್ನೆರಡು ಜನ ಸೇರುವುದಕ್ಕೆ ಕೆಲವೊಮ್ಮೆ ಅರ್ಧ ಗಂಟೆ ಹಿಡಿಯುತ್ತದೆ. ಅವಸರ ಇದ್ದರೆ ಖಾಲಿ ಸೀಟಿನ ದುಡ್ಡೂ ಕೊಟ್ಟರಾಯಿತು, ಇಡೀ ದೋಣಿ 48 ಡಾಲರ್. ನೀವು ಐದು ಜನ ಇದ್ದೀರಿ, ಇನ್ನು ನಾಲ್ಕು ಜನ ಬಂದು ಎಲ್ಲರೂ ಒಪ್ಪಿದರೆ ಉಳಿದ ಮೂರು ಸೀಟಿನ 12 ಡಾಲರನ್ನು ಒಂಬತ್ತು ಜನ ಹಂಚಿಕೊಳ್ಳಬಹುದು. ಅಲ್ಲಿ ಇದು ಮಾಮೂಲು, ಕೇಳಲು ಸಂಕೋಚ ಬೇಡ.

ಇನ್ನೊಂದು: ಅದೇ ಟರ್ಮಿನಲ್‌ನಿಂದ ಮಲೇಷ್ಯಾದ ಪೆಂಗೆರಾಂಗ್‌ಗೂ ದೋಣಿ ಹೋಗುತ್ತದೆ. ಆ ಸಾಲಿಗೆ ಪಾಸ್‌ಪೋರ್ಟ್, ವಲಸೆ ತಪಾಸಣೆ ಎಲ್ಲ ಇದೆ. ಉಬಿನ್ ಸಿಂಗಪುರದ್ದೇ ಭಾಗ, ಪಾಸ್‌ಪೋರ್ಟ್ ಬೇಡ. ಬೋರ್ಡು ನೋಡಿ ನಿಂತುಕೊಳ್ಳಿ.

ಹಳೇಸೈಕಲ್
ಚಾಂಗಿಬಸ್ ಅವರು ಹೇಳಿದ್ದಕ್ಕೆ ಸೇರಿಸುವುದು ಏನೆಂದರೆ, ಹೋಗುವುದು ಸುಲಭ, ವಾಪಸ್ ಬರುವುದೇ ತೊಂದರೆ. ಶನಿವಾರ ಭಾನುವಾರ ಮತ್ತು ಸಾರ್ವಜನಿಕ ರಜಾದಿನ ಸಂಜೆ ನಾಲ್ಕರಿಂದ ಆರರವರೆಗೆ ಉಬಿನ್ ಜೆಟ್ಟಿಯಲ್ಲಿ ಉದ್ದ ಸಾಲು. ಬೆಳಿಗ್ಗೆ ಬೇರೆ ಬೇರೆ ಹೊತ್ತಿಗೆ ಬಂದವರೆಲ್ಲ ಸಂಜೆ ಒಟ್ಟಿಗೇ ಹೊರಡುತ್ತಾರೆ, ಅದಕ್ಕೆ. ದೋಣಿಗಳು ಬೆಳಿಗ್ಗೆ ಏಳರಿಂದ ಸಂಜೆ ಏಳರ ಸುಮಾರಿಗೆ ಓಡುತ್ತವೆ. ಇದಕ್ಕೆ ವೇಳಾಪಟ್ಟಿ ಇಲ್ಲ, ಸಂಜೆ ಜನ ಕಡಿಮೆಯಾದರೆ ದೋಣಿಯವರೂ ಮನೆಗೆ ಹೋಗುತ್ತಾರೆ. ಆರು ಗಂಟೆಗೆ ಜೆಟ್ಟಿಯಲ್ಲಿ ಇರಿ. ಸಿಂಗಪುರದಲ್ಲಿ ವರ್ಷಪೂರ್ತಿ ಸೂರ್ಯ ಮುಳುಗುವುದು ಏಳರ ಆಸುಪಾಸು, ಆಮೇಲೆ ದ್ವೀಪದ ಒಳರಸ್ತೆಗಳಲ್ಲಿ ದೀಪ ಇಲ್ಲ.

ದಿನ ಯಾವುದು ಅಂದರೆ, ಮಂಗಳವಾರದಿಂದ ಗುರುವಾರದೊಳಗೆ ಯಾವುದಾದರೂ. ಆದರೆ ಶಾಲೆಗಳ ರಜೆ ಇರಬಾರದು. ಜೂನ್, ಡಿಸೆಂಬರ್ ಎರಡರಲ್ಲೂ ರಜೆ ಇರುತ್ತದೆ.

ಭರತಇಳಿತ
ಎಲ್ಲರೂ ವಾರ ನೋಡಿ ದಿನ ಆರಿಸುತ್ತೀರಿ ಮಾರಾಯ್ರೆ. ಆರಿಸಬೇಕಾದ್ದು ಭರತ ಇಳಿತದ, ಅಂದರೆ ಸಮುದ್ರದ ನೀರು ಏರಿ ಇಳಿಯುವ ಹೊತ್ತಿನ, ಪಟ್ಟಿ ನೋಡಿ. ಉಬಿನ್‌ನಲ್ಲಿ ನೋಡಲೇಬೇಕಾದ ಜಾಗ ಅಂತ ಇದ್ದರೆ ಅದು ಪೂರ್ವ ತುದಿಯ ಚೆಕ್ ಜಾವಾ. ಅಲ್ಲಿ ಭರತದ ಹೊತ್ತಿಗೆ ಹೋದರೆ ಕಾಣುವುದು ನೀರು, ಕಾಲುದಾರಿಯ ಕಂಬಿ, ಮತ್ತೂ ನೀರು.

ಲೆಕ್ಕ ಹೀಗೆ. ದಿನಕ್ಕೆ ಎರಡು ಭರತ, ಎರಡು ಇಳಿತ. ಮರುದಿನ ಅದೇ ಇಳಿತ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಚೆಕ್ ಜಾವಾದ ಮರಳದಿಣ್ಣೆ, ಕಡಲಹುಲ್ಲಿನ ಬಯಲು ಬಿಚ್ಚಿಕೊಳ್ಳಬೇಕಾದರೆ ನೀರಿನ ಮಟ್ಟ 0.5 ಮೀಟರಿಗಿಂತ ಕೆಳಗೆ ಇಳಿಯಬೇಕು. ಅಷ್ಟು ಇಳಿಯುವುದು ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಕೆಲವು ದಿನ ಮಾತ್ರ. ಅಷ್ಟಮಿ ನವಮಿಯ ಹೊತ್ತಿಗೆ ಇಳಿತವೂ ಅರೆಬರೆ, ಭರತವೂ ಅರೆಬರೆ.

ಈಗ ಸಿಕ್ಕು ಎಲ್ಲಿ ಅಂದರೆ ಋತುವಿನಲ್ಲಿ. ಸುಮಾರಾಗಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಅತಿ ಕೆಳಗಿನ ಇಳಿತ ಬೆಳಗಿನ ಜಾವಕ್ಕೆ ಬೀಳುತ್ತದೆ, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಸಂಜೆಗೆ. ಚೆಕ್ ಜಾವಾ ತೆರೆದಿರುವುದು ಬೆಳಿಗ್ಗೆ 8.30ರಿಂದ ಸಂಜೆ 6. ಹಾಗಾಗಿ ಪಟ್ಟಿಯಲ್ಲಿ 0.2 ಅಂತ ಕಂಡ ಕೂಡಲೇ ಹಿಗ್ಗಬೇಡಿ, ಅದು ಬೆಳಗಿನ ಜಾವ ನಾಲ್ಕಕ್ಕೆ ಇದ್ದರೆ ನಿಮಗೆ ಪ್ರಯೋಜನ ಇಲ್ಲ. ವರ್ಷದ ಕೊನೆಯ ತಿಂಗಳುಗಳಲ್ಲಿ ಇಳಿತ ನಾಲ್ಕು, ನಾಲ್ಕೂವರೆಗೆ ಬೀಳುವ ದಿನ ಹುಡುಕಿ. ಒಂದು ಸುತ್ತಿನ ಮೊದಲ ಒಂದೆರಡು ದಿನ ಇಳಿತ ಬೇಗ ಬರುತ್ತದೆ. ಮೂರು ನಾಲ್ಕು ದಿನ ಕಳೆದರೆ ಅದೇ ಏಳು ಗಂಟೆಗೆ ಜಾರಿರುತ್ತದೆ.

ನೋಡುವುದಕ್ಕೆ ಎಷ್ಟು ಹೊತ್ತು ಸಿಗುತ್ತದೆ ಅನ್ನುವುದಕ್ಕೂ ಒಂದು ಅಂದಾಜು ಇದೆ. ಇಳಿತದಿಂದ ಭರತಕ್ಕೆ ಸುಮಾರು ಆರು ಗಂಟೆ. ಏರಿಕೆಯನ್ನು ಹನ್ನೆರಡು ಪಾಲು ಮಾಡಿ. ಮೊದಲ ಗಂಟೆ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕರಲ್ಲಿ ತಲಾ ಮೂರು, ಆಮೇಲೆ ಎರಡು, ಒಂದು. ಇಳಿತ 0.3, ಭರತ 2.9 ಮೀಟರ್ ಅಂತ ಇಟ್ಟುಕೊಳ್ಳಿ. ಒಂದು ಗಂಟೆ ಕಳೆದಾಗ ನೀರು 0.5, ಎರಡು ಗಂಟೆಗೆ 0.95, ಮೂರಕ್ಕೆ 1.6. ಅಂದರೆ ಇಳಿತದ ಹಿಂದೆ ಒಂದು ಗಂಟೆ, ಮುಂದೆ ಒಂದು ಗಂಟೆ, ಅಷ್ಟೇ. ಇಳಿತದ ಹೊತ್ತಿಗೆ ಜೆಟ್ಟಿಗೆ ಬಂದಿಳಿದರೆ ಸೈಕಲ್ ಆರಿಸಿ ಅಲ್ಲಿ ತಲುಪುವುದರೊಳಗೆ ಬಯಲು ಮುಳುಗುತ್ತಾ ಇರುತ್ತದೆ. ಇಳಿತಕ್ಕೆ ಒಂದು ಗಂಟೆ ಮೊದಲೇ ಅಲ್ಲಿನ ಹಲಗೆದಾರಿಯ (ನೆಲದಿಂದ ಎತ್ತರಿಸಿ ಕಟ್ಟಿದ ಕಾಲುದಾರಿ) ಮೇಲೆ ಇರಬೇಕು.

ಬರಿಗಾಲು
ಪಟ್ಟಿ ಎಲ್ಲಿ ಸಿಗುತ್ತದೆ ಅಂತ ಮುಂದಿನ ಪ್ರಶ್ನೆ ಬರುವ ಮೊದಲೇ ಹೇಳಿಬಿಡುತ್ತೇನೆ. ಸಿಂಗಪುರದ ಹವಾಮಾನ ಇಲಾಖೆಯ ತಾಣದಲ್ಲೂ ಬಂದರು ಪ್ರಾಧಿಕಾರದ ತಾಣದಲ್ಲೂ ದಿನವಾರು ಇದೆ. ಯಾವುದೋ ಆ್ಯಪ್ ನೋಡುವುದಾದರೆ ಮಟ್ಟ ಮೀಟರ್‌ನಲ್ಲಿದೆಯೋ ಅಡಿಯಲ್ಲಿದೆಯೋ ಗಮನಿಸಿ, ಸುಮಾರು ಜನ ಅಲ್ಲೇ ಎಡವುತ್ತಾರೆ.

ಮತ್ತೆ, ಬಯಲು ಬಿಚ್ಚಿದೆ ಅಂತ ಹಲಗೆದಾರಿಯಿಂದ ಕೆಳಗೆ ಇಳಿಯುವ ಹಾಗಿಲ್ಲ. ಎನ್‌ಪಾರ್ಕ್ಸ್, ಅಂದರೆ ರಾಷ್ಟ್ರೀಯ ಉದ್ಯಾನ ಮಂಡಳಿ, ಇಳಿತದ ದಿನಗಳಲ್ಲಿ ಮಾರ್ಗದರ್ಶಕರ ಜೊತೆ ನಡಿಗೆ ಏರ್ಪಡಿಸುತ್ತದೆ, ಅದಕ್ಕೆ ಮುಂಗಡ ನೋಂದಣಿ ಬೇಕು. ಅದಿಲ್ಲದವರು ಮೇಲಿಂದಲೇ ನೋಡಬೇಕು. ಒಂದು ಸಾಧಾರಣ ದುರ್ಬೀನು ಇದ್ದರೆ ಕಾಲಿಗೆ ಕೆಸರು ಹತ್ತದೆ ಮುಕ್ಕಾಲುಪಾಲು ಕಾಣುತ್ತದೆ.

ಪ್ರಶ್ನಾರ್ಥಕ
ಭರತಇಳಿತ ಅವರೇ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ನಾವು ಹೋಗುವುದು ಜೂನ್‌ನಲ್ಲಿ. ಅಂದರೆ ಇಳಿತ ಬೆಳಗಿನ ಜಾವಕ್ಕೆ. ಹಾಗಾದರೆ ಚೆಕ್ ಜಾವಾ ಬಿಟ್ಟುಬಿಡುವುದೇ?

ಮಂಗಟ್ಟೆ
ಬಿಡಬೇಡಿ. ಮೇಲಿನ ಮಾತನ್ನು ಪೂರ್ತಿ ಒಪ್ಪುವುದಕ್ಕೂ ಆಗುವುದಿಲ್ಲ. ಚೆಕ್ ಜಾವಾ ಅಂದರೆ ಬರೀ ಮರಳದಿಣ್ಣೆ ಅಲ್ಲ. ಸುಮಾರು 100 ಹೆಕ್ಟೇರಿನಲ್ಲಿ ಕರಾವಳಿ ಕಾಡು, ಕಾಂಡ್ಲಾ (ಮ್ಯಾಂಗ್ರೋವ್), ಕಲ್ಲುದಂಡೆ, ಮರಳು, ಕಡಲಹುಲ್ಲು, ಹವಳದ ಚೂರಿನ ನೆಲ, ಆರೂ ಒಂದಕ್ಕೊಂದು ಅಂಟಿಕೊಂಡಿವೆ. ಹಲಗೆದಾರಿ ಒಟ್ಟು 1.1 ಕಿಲೋಮೀಟರ್, ಎರಡು ಸುತ್ತು. ಕಡಲ ಕಡೆಯದು 600 ಮೀಟರ್, ಕಾಂಡ್ಲಾ ಕಡೆಯದು 500. ಕಡಲ ಸುತ್ತಿಗೆ ಇಳಿತ ಬೇಕು, ಸರಿ. ಕಾಂಡ್ಲಾ ಸುತ್ತಿಗೆ ನೀರು ಅರ್ಧ ಏರಿದ್ದರೇ ಚೆಂದ. ಬೇರುಗಳ ನಡುವೆ ನೀರು ನುಗ್ಗುವಾಗ ಮಡ್‌ಸ್ಕಿಪ್ಪರ್ ಮೀನುಗಳು ಒಂದೊಂದೇ ಬೇರು ಹತ್ತುತ್ತವೆ. ಕಣ್ಣು ಎರಡೂ ತಲೆಯ ತುದಿಗೆ ಎದ್ದು ನಿಂತಿರುತ್ತವೆ, ಮುಂದಿನ ರೆಕ್ಕೆ ಊರಿ ಮೈ ಎಳೆದುಕೊಳ್ಳುವುದು ಕಾಣುತ್ತದೆ, ಎದೆಯ ಕೆಳಗಿನ ರೆಕ್ಕೆ ತೊಗಟೆಗೆ ಹಿಡಿದುಕೊಂಡಿರುತ್ತದೆ. ನೀರು ಇನ್ನೆರಡು ಬೆರಳು ಏರಿದರೆ ಅದೂ ಎರಡು ಬೆರಳು ಮೇಲಕ್ಕೆ. ಫಿಡ್ಲರ್ ಏಡಿಗಳು ಮಾತ್ರ ಕೆಸರು ತೆರೆದಿದ್ದಾಗಲೇ ಸಿಗುವುದು. ಗಂಡಿಗೆ ಒಂದು ಕೊಂಡಿ ಮೈಯಷ್ಟು ದೊಡ್ಡದು, ಅದನ್ನು ಬೀಸುತ್ತಾ ನಿಂತಿರುತ್ತದೆ.

ಕಾಂಡ್ಲಾ ಸುತ್ತಿನ ಹತ್ತಿರವೇ ಜೆಜಾವಿ ಗೋಪುರ, 20 ಮೀಟರ್ ಎತ್ತರ. ಬೆಳಿಗ್ಗೆ ಒಂಬತ್ತರೊಳಗೆ ಹತ್ತಿ. ಮರದ ನೆತ್ತಿ ಕಣ್ಣಿನ ಮಟ್ಟಕ್ಕೆ ಬರುವುದರಿಂದ ಮಂಗಟ್ಟೆ ಹಕ್ಕಿಗಳನ್ನು ಕತ್ತು ನೋಯಿಸಿಕೊಳ್ಳದೆ ನೋಡಬಹುದು. ಸಿಂಗಪುರದಿಂದ ಕಣ್ಮರೆಯಾಗಿದ್ದ ಈ ಕಪ್ಪುಬಿಳಿ ಮಂಗಟ್ಟೆ ಮತ್ತೆ ನೆಲೆಯೂರಲು ಶುರುಮಾಡಿದ್ದು 1990ರ ದಶಕದಲ್ಲಿ, ಇದೇ ದ್ವೀಪದಿಂದ. ಪಂಜರದ ವ್ಯಾಪಾರಕ್ಕೆ ಸಿಕ್ಕಿ ಬೇರೆಡೆ ಅಳಿವಿನಂಚಿಗೆ ಬಂದ ಹೊಂಬಣ್ಣದ ತಲೆಯ ಪಿಕಳಾರಕ್ಕೂ ಉಬಿನ್ ದೊಡ್ಡ ಆಸರೆ. ಅದನ್ನು ಕಣ್ಣಿಗಿಂತ ಮೊದಲು ಕಿವಿಯಿಂದ ಗುರುತಿಸಬೇಕು, ದನಿ ಅಷ್ಟು ಗಟ್ಟಿ.

ಜೂನ್‌ಗೆ ನನ್ನ ಸಲಹೆ: ಇಳಿತ ಬೆಳಿಗ್ಗೆ ಆರು, ಏಳಕ್ಕೆ ಬೀಳುವ ದಿನ ಆರಿಸಿ, ಮೊದಲ ದೋಣಿಗೇ ಹೋಗಿ. ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿದ್ದರೆ ಏರುವ ನೀರು ಕಾಂಡ್ಲಾದೊಳಗೆ ನುಗ್ಗುವುದು ಸಿಗುತ್ತದೆ, ಹಕ್ಕಿಯೂ ಸಿಗುತ್ತದೆ, ಬಿಸಿಲೂ ಏರಿರುವುದಿಲ್ಲ.

ಭರತಇಳಿತ
ಕಾಂಡ್ಲಾ ವಿಷಯ ಒಪ್ಪಿದೆ. ಜೂನ್‌ಗೆ ಅದೇ ಸರಿ.

ಕಲ್ಲುಕ್ವಾರಿ
ಹೋಗುವ ಮೊದಲು ಎನ್‌ಪಾರ್ಕ್ಸ್ ತಾಣದಲ್ಲಿ ಮುಚ್ಚಿರುವ ಜಾಗಗಳ ಸೂಚನೆ ನೋಡಿಕೊಳ್ಳಿ. ಹಲಗೆದಾರಿಯ ಭಾಗಗಳು ದುರಸ್ತಿಗೆ ಮುಚ್ಚುವುದಿದೆ, ಮರ ಬಿದ್ದು ಜಾಡು ಮುಚ್ಚುವುದಿದೆ. ಅಷ್ಟು ದೂರ ಹೋಗಿ ಹಗ್ಗ ಕಟ್ಟಿದ್ದು ನೋಡಿ ಬರುವುದಕ್ಕಿಂತ ಐದು ನಿಮಿಷ ಪರದೆ ನೋಡುವುದು ಮೇಲು.

ಚೆಕ್ ಜಾವಾ ಉಳಿದದ್ದೇ ಒಂದು ಕಥೆ. ಅಲ್ಲಿ ಸಮುದ್ರ ತುಂಬಿ ನೆಲ ಮಾಡುವ ಯೋಜನೆ ಇತ್ತು. ಜೀವಶಾಸ್ತ್ರಜ್ಞರು, ಸ್ವಯಂಸೇವಕರು 2001ರಲ್ಲಿ ಅಲ್ಲಿನ ಜೀವಿಗಳ ಪಟ್ಟಿ ಮಾಡಿ ಸರ್ಕಾರದ ಮುಂದಿಟ್ಟರು, ಸಾವಿರಾರು ಜನ ಕೊನೆಯ ಬಾರಿ ಅಂತ ನೋಡಲು ಹೋದರು. 2002ರ ಆರಂಭದಲ್ಲಿ ಯೋಜನೆ ಮುಂದೂಡಿರುವುದು ಅಧಿಕೃತವಾಯಿತು. ಹಲಗೆದಾರಿ ತೆರೆದದ್ದು 2007. ಅದೇ ವರ್ಷದ ಆರಂಭದಲ್ಲಿ ಆಚೆ ದಡದ ಮಲೇಷ್ಯಾದ ಜೋಹೋರ್ ಕಡೆ ಭಾರಿ ಮಳೆಯಾಗಿ ನದಿನೀರು ಜಲಸಂಧಿಗೆ ನುಗ್ಗಿ, ಉಪ್ಪಿನಂಶ ಇಳಿದು ಅಲ್ಲಿನ ಸೀ ಅನಿಮೋನ್, ನಕ್ಷತ್ರಮೀನು ಬಹಳಷ್ಟು ಸತ್ತವು. ಆಮೇಲೆ ನಿಧಾನವಾಗಿ ಚೇತರಿಸಿತು. "ಫೋಟೋದಲ್ಲಿದ್ದಷ್ಟು ಇಲ್ಲವಲ್ಲ" ಅನ್ನುವವರು ಇದನ್ನು ತಿಳಿದಿರಲಿ. ಈ ಜಾಗ ವರ್ಷದಿಂದ ವರ್ಷಕ್ಕೆ ಒಂದೇ ಥರ ಇರುವುದಿಲ್ಲ.

ಹಳೇಸೈಕಲ್
ಸೈಕಲ್ ವಿಷಯಕ್ಕೆ ಬರುತ್ತೇನೆ. ಜೆಟ್ಟಿಯಿಂದ ಚೆಕ್ ಜಾವಾಕ್ಕೆ ಮೂರು ಕಿಲೋಮೀಟರ್ ಚಿಲ್ಲರೆ. ನಡೆದರೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಸೈಕಲ್ಲಿನಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ. ಊರಿನ ಹತ್ತಿರ ಡಾಂಬರು, ಮುಂದೆ ಜಲ್ಲಿಮಣ್ಣು, ನಡುವೆ ಏರಿಳಿತ.

ಜೆಟ್ಟಿ ದಾಟಿದರೆ ಬಾಡಿಗೆ ಅಂಗಡಿಗಳ ಸಾಲೇ ಇದೆ. ಸಾದಾ ಸೈಕಲ್ ದಿನಕ್ಕೆ ಹತ್ತು ಡಾಲರ್ ಆಸುಪಾಸು, ಒಳ್ಳೆಯ ಗೇರ್ ಸೈಕಲ್ ಇಪ್ಪತ್ತು ದಾಟಬಹುದು. ಮಕ್ಕಳದ್ದು, ಇಬ್ಬರು ತುಳಿಯುವುದು, ಹಿಂದೆ ಮಗುಸೀಟು ಇರುವುದು ಎಲ್ಲ ಸಿಗುತ್ತವೆ. ಬಣ್ಣ ನೋಡಿ ಎತ್ತಿಕೊಳ್ಳಬೇಡಿ. ಅಂಗಡಿ ಮುಂದೆಯೇ ಮಾಡಬೇಕಾದ್ದು ಇಷ್ಟು: ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಮುಂದಕ್ಕೆ ತಳ್ಳಿ, ಹಿಂಚಕ್ರ ಏಳಬೇಕು. ಹಿಂದಿನದನ್ನು ಹಿಡಿದು ತಳ್ಳಿದರೆ ಹಿಂಚಕ್ರ ಉರುಳದೆ ಎಳೆಯಬೇಕು. ಬ್ರೇಕ್ ಹಿಡಿ ಹ್ಯಾಂಡಲ್ಲಿಗೆ ತಾಗುವಷ್ಟು ಸಡಿಲ ಇದ್ದರೆ ಬೇರೆ ಸೈಕಲ್ ಕೇಳಿ. ಟೈರನ್ನು ಹೆಬ್ಬೆರಳಿನಲ್ಲಿ ಒತ್ತಿ, ಸ್ವಲ್ಪವಷ್ಟೇ ತಗ್ಗಬೇಕು. ಸೀಟಿನ ಮೇಲೆ ಪೂರ್ತಿ ಭಾರ ಹಾಕಿ ತಿರುಚಿ ನೋಡಿ. ಬಾಡಿಗೆ ಸೈಕಲ್ಲಿನಲ್ಲಿ ಅತಿ ಹೆಚ್ಚು ಕಾಡುವುದು ಸೀಟಿನ ಕ್ಲಾಂಪ್. ಸವೆದಿರುತ್ತದೆ, ಜಲ್ಲಿ ಮೇಲೆ ಹತ್ತು ನಿಮಿಷ ಓಡಿಸಿದರೆ ಸೀಟು ಜಾರುತ್ತಾ ಹೋಗುತ್ತದೆ, ಮಂಡಿ ನೋವು ಶುರು. ಪೆಡಲ್ ಕೆಳಗಿದ್ದಾಗ ಕಾಲು ಹೆಚ್ಚುಕಡಿಮೆ ನೇರ ಆಗುವಷ್ಟು ಎತ್ತರ ಇಡಿ. ಕೊನೆಗೆ ಗೇರನ್ನು ಎಲ್ಲ ಹಲ್ಲುಗಳಿಗೂ ಹಾಕಿ ಒಂದು ಸುತ್ತು ಓಡಿಸಿ, ಹೆಲ್ಮೆಟ್ ಕೇಳಿ ತೆಗೆದುಕೊಳ್ಳಿ.

ದಾರಿಯಲ್ಲಿ ಚೈನ್ ಬಿದ್ದರೆ: ಹಿಂದಿನ ಗೇರ್‌ನ ಜೋತಾಡುವ ತೋಳನ್ನು ಮುಂದಕ್ಕೆ ಒತ್ತಿ, ಚೈನ್ ಸಡಿಲವಾಗುತ್ತದೆ. ಮುಂದಿನ ಹಲ್ಲುಚಕ್ರದ ಕೆಳಭಾಗಕ್ಕೆ ಕೂರಿಸಿ, ಪೆಡಲ್ಲನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ. ಕೈಗೆ ಒಂದು ಹಳೇ ಬಟ್ಟೆ ಇಟ್ಟುಕೊಂಡಿರಿ.

ಇಳಿಜಾರಿನಲ್ಲಿ "ಇಳಿದು ತಳ್ಳಿ" ಅಂತ ಫಲಕ ಇದ್ದರೆ ಇಳಿಯಿರಿ. ಜಲ್ಲಿಯ ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಒಂದೇ ಗಟ್ಟಿಯಾಗಿ ಹಿಡಿದರೆ ಮುಂಚಕ್ರ ಜಾರುತ್ತದೆ. ಮಂಡಿ, ಮೊಣಕೈ ತರಚಿಕೊಂಡು ವಾಪಸಾಗುವವರೆಲ್ಲ ಬಹುಪಾಲು ಹೀಗೇ ಬಿದ್ದವರು. ಇಳಿಜಾರು ಶುರುವಾಗುವ ಮೊದಲೇ ವೇಗ ಇಳಿಸಿ, ಎರಡೂ ಬ್ರೇಕ್ ಹಗುರವಾಗಿ, ಮೈಭಾರ ಹಿಂದಕ್ಕೆ.

ಬರಿಗಾಲು
ಮಂಡಿ ನೋವಿನವರನ್ನು ಸೈಕಲ್ ಹತ್ತಿಸಬೇಡಿ ದಯವಿಟ್ಟು. ಊರಿನಲ್ಲಿ ಬಾಡಿಗೆ ವ್ಯಾನ್ ಇವೆ. ಚೆಕ್ ಜಾವಾ ಬಾಗಿಲವರೆಗೆ ಬಿಡುತ್ತಾರೆ, ಹೇಳಿದ ಹೊತ್ತಿಗೆ ಬಂದು ಕರೆದೊಯ್ಯುತ್ತಾರೆ. ಹೋಗಿಬರುವ ಒಟ್ಟು ದುಡ್ಡು, ಕಾಯುವ ಸಮಯ ಎರಡನ್ನೂ ಹತ್ತುವ ಮೊದಲೇ ಮಾತಾಡಿಕೊಳ್ಳಿ, ಚಾಲಕರ ಮೊಬೈಲ್ ಸಂಖ್ಯೆ ಬರೆದುಕೊಳ್ಳಿ. ಉಳಿದವರು ಸೈಕಲ್ಲಿನಲ್ಲಿ ಹೋಗಿ ಅಲ್ಲೇ ಸೇರಬಹುದು. ಹಲಗೆದಾರಿ ಸಮತಟ್ಟು, ನಿಧಾನಕ್ಕೆ ನಡೆಯುವವರಿಗೆ ಕಷ್ಟವಿಲ್ಲ. ಜೆಜಾವಿ ಗೋಪುರ ಮಾತ್ರ ಪೂರ್ತಿ ಮೆಟ್ಟಿಲು, ಅದನ್ನು ಬಿಡಲಿ.

ಅವರಿಗೆ ನಿಜವಾದ ಕಷ್ಟ ದೋಣಿ ಹತ್ತುವಾಗ. ಅಂಚು ದಾಟಿ ಒಳಗೆ ಕಾಲಿಡಬೇಕು, ದೋಣಿ ಓಲಾಡುತ್ತಿರುತ್ತದೆ. ಒಬ್ಬರು ಮೊದಲು ಇಳಿದು ಕೆಳಗಿನಿಂದ ಕೈ ಕೊಡಲಿ, ಇನ್ನೊಬ್ಬರು ಹಿಂದೆ ಇರಲಿ. ಚೀಲ ಕೈಯಲ್ಲಿ ಬೇಡ, ಬೆನ್ನಿಗೆ.

ಚಾಂಗಿಬಸ್
ಊಟ. ಸಸ್ಯಾಹಾರವನ್ನು ದ್ವೀಪದಲ್ಲಿ ನಂಬಿಕೊಳ್ಳಬೇಡಿ. ಜೆಟ್ಟಿ ಹತ್ತಿರದ ಹೋಟೆಲುಗಳಲ್ಲಿ ಮುಖ್ಯವಾಗಿ ಮೀನು, ಏಡಿ. ವಾರದ ದಿನ ಕೆಲವು ತೆರೆಯುವುದೂ ಇಲ್ಲ. ಎಳನೀರು, ತಂಪು ಪಾನೀಯ ಸಿಗುತ್ತದೆ. ಊಟ ಕಟ್ಟಿಸಿಕೊಂಡು ಹೋಗಿ, ಇಲ್ಲವೇ ಚಾಂಗಿ ವಿಲೇಜ್‌ನ ಹಾಕರ್ ಸೆಂಟರ್‌ನಲ್ಲಿ (ಸಾಲು ತಿಂಡಿ ಅಂಗಡಿಗಳ ಜಾಗ) ತಿಂದು ಹತ್ತಿ.

ನೀರು ತಲೆಗೆ ಎರಡು ಲೀಟರ್. ಕಡಿಮೆ ಮಾಡಬೇಡಿ. ದ್ವೀಪಕ್ಕೆ ನಗರದ ಕೊಳಾಯಿ ನೀರು ಬರುವುದಿಲ್ಲ, ಶೌಚಾಲಯದ ನಲ್ಲಿಯಲ್ಲಿ ಬರುವುದು ಕುಡಿಯುವ ನೀರಲ್ಲ. ಸೆಕೆ ಹೇಗಿರುತ್ತದೆಂದರೆ ಬೆವರು ಆರುವುದೇ ಇಲ್ಲ, ಬಾಯಾರಿಕೆ ಗೊತ್ತಾಗುವಷ್ಟರಲ್ಲಿ ತಲೆನೋವು ಬಂದಿರುತ್ತದೆ. ಎರಡು ಪೊಟ್ಟಣ ಓಆರ್‌ಎಸ್ ಇಟ್ಟುಕೊಳ್ಳಿ.

ಎಟಿಎಂ ಇಲ್ಲ. ಐದು ಜನಕ್ಕೆ ದೋಣಿಗೇ 40 ಡಾಲರ್ ಆಯಿತು, ಸೈಕಲ್, ವ್ಯಾನ್, ಎಳನೀರು ಸೇರಿ 150 ನಗದು ಇರಲಿ. ಅದರಲ್ಲಿ 2, 5, 10ರ ನೋಟು ಹೆಚ್ಚಿರಲಿ.

ಕಲ್ಲುಕ್ವಾರಿ
ಮೊಬೈಲ್ ಬಗ್ಗೆ ಯಾರೂ ಹೇಳಲಿಲ್ಲ. ದ್ವೀಪದ ಉತ್ತರ ದಡದಿಂದ ಜೋಹೋರ್ ಕಣ್ಣೆದುರಿಗೇ ಇದೆ, ಹಾಗಾಗಿ ಫೋನು ತಾನಾಗಿಯೇ ಮಲೇಷ್ಯಾದ ಜಾಲಕ್ಕೆ ಹಾರುತ್ತದೆ, ರೋಮಿಂಗ್ ಬಿಲ್ ಏರುತ್ತದೆ. ದೋಣಿ ಹತ್ತುವ ಮೊದಲೇ ಸೆಟ್ಟಿಂಗ್‌ನಲ್ಲಿ ನೆಟ್‌ವರ್ಕ್ ಆಯ್ಕೆಯನ್ನು ಸ್ವಯಂಚಾಲಿತದಿಂದ ತೆಗೆದು ನಿಮ್ಮ ಸಿಂಗಪುರದ ಕಂಪನಿಗೆ ಕಟ್ಟಿಹಾಕಿ, ಡೇಟಾ ರೋಮಿಂಗ್ ಆರಿಸಿ. ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ.

ಮಂಗಟ್ಟೆ
ಪ್ರಾಣಿಗಳ ವಿಷಯದಲ್ಲಿ ಒಂದು ಮುಖ್ಯವಾದ್ದು. ಚೆಕ್ ಜಾವಾ ಒಳಗೆ ಸೈಕಲ್ ಬಿಡುವುದಿಲ್ಲ, ಬಾಗಿಲ ಬಳಿ ನಿಲ್ಲಿಸಬೇಕು. ಎಲ್ಲರೂ ಚೀಲವನ್ನು ಸೈಕಲ್ ಬುಟ್ಟಿಯಲ್ಲೇ ಬಿಟ್ಟು ಹೋಗುತ್ತಾರೆ. ಅಲ್ಲಿ ಉದ್ದಬಾಲದ ಮಂಗಗಳೂ ಕಾಡುಹಂದಿಗಳೂ ಅದಕ್ಕೇ ಓಡಾಡಿಕೊಂಡಿರುತ್ತವೆ. ಮಂಗ ಬುಟ್ಟಿಗೆ ಹತ್ತಿ ಜಿಪ್ ತೆಗೆಯುತ್ತದೆ, ಹಂದಿ ಸೈಕಲ್ಲನ್ನೇ ಉರುಳಿಸಿ ಚೆಲ್ಲಿದ್ದು ತಿನ್ನುತ್ತದೆ. ಪ್ಲಾಸ್ಟಿಕ್ ಚೀಲದ ಸರಬರ ಸದ್ದು ಅಂದರೆ ಅವಕ್ಕೆ ಊಟದ ಗಂಟೆ. ತಿಂಡಿಯನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿ ಬೆನ್ನಚೀಲದ ಒಳಗಿಡಿ, ಚೀಲ ಮೈಮೇಲೇ ಇರಲಿ. ಮಂಗ ಹತ್ತಿರ ಬಂದರೆ ಚೀಲವನ್ನು ಎದೆಗೆ ತಂದುಕೊಳ್ಳಿ, ಕಣ್ಣಿಗೆ ಕಣ್ಣಿಟ್ಟು ನೋಡಬೇಡಿ, ಹಲ್ಲು ತೋರಿಸಿ ನಗಬೇಡಿ, ಓಡಬೇಡಿ. ಹಂದಿ ಮರಿಗಳ ಜೊತೆ ಇದ್ದರೆ ತಾಯಿಗೂ ಮರಿಗೂ ನಡುವೆ ಹೋಗಬೇಡಿ, ನಿಧಾನಕ್ಕೆ ಹಿಂದೆ ಸರಿಯಿರಿ. ತಿನ್ನಲು ಕೊಡುವುದು ಕಾನೂನಿನಂತೆ ಅಪರಾಧ, ಮೊದಲ ಸಲಕ್ಕೆ 5,000 ಡಾಲರ್‌ವರೆಗೆ ದಂಡ. ಮಗುವಿಗೆ ಮೊದಲೇ ಹೇಳಿಡಿ.

ಸೊಳ್ಳೆ, ನೊರಜು ಎರಡೂ ಇವೆ. ತೆಳುವಾದ ಉದ್ದ ಪ್ಯಾಂಟು, ಮುಚ್ಚಿದ ಬೂಟು, ಮುಲಾಮು ಎರಡು ಸಲ, ಹೊರಡುವಾಗ ಒಮ್ಮೆ, ಬೆವರು ಸುರಿದ ಮೇಲೆ ಇನ್ನೊಮ್ಮೆ.

ಪ್ರಶ್ನಾರ್ಥಕ
ಬಹಳ ಉಪಯೋಗವಾಯಿತು. ಇನ್ನೆರಡು ಪ್ರಶ್ನೆ. ಚೆಕ್ ಜಾವಾ ಮುಗಿಸಿ ಪಶ್ಚಿಮದ ಕೆತಾಮ್ ಕಡೆಗೂ ಅದೇ ದಿನ ಹೋಗಬಹುದಾ? ಮಳೆ ಬಂದರೆ ಏನು?

ಹಳೇಸೈಕಲ್
ಹೋಗಬಹುದು, ಆದರೆ ಮಗುವನ್ನೂ ಹಿರಿಯರನ್ನೂ ಕಟ್ಟಿಕೊಂಡು ಎರಡೂ ತುದಿ ಮುಟ್ಟಲು ಹೊರಟರೆ ದಿನವೆಲ್ಲ ರಸ್ತೆಯಲ್ಲೇ ಕಳೆಯುತ್ತದೆ. ಒಟ್ಟು 10 ಚದರ ಕಿಲೋಮೀಟರಿಗೆ ತುಸು ಹೆಚ್ಚಿನ ದ್ವೀಪ, ನಕ್ಷೆಯಲ್ಲಿ ಚಿಕ್ಕದಾಗಿ ಕಾಣುತ್ತದೆ, ಏರಿಳಿತ ಲೆಕ್ಕಕ್ಕೆ ಬರುವುದಿಲ್ಲ. ಒಂದು ಕಡೆ ಆರಿಸಿ.

ಕೆತಾಮ್ ಪರ್ವತ ಸೈಕಲ್ ಉದ್ಯಾನ 2008ರದ್ದು. ಅಲ್ಲಿನ ಜಾಡುಗಳಿಗೆ ಗುರುತು ಹಾಕಿದ್ದಾರೆ: ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಷ್ಟ, ಎರಡು ಕಪ್ಪು ವಜ್ರ ಅತಿ ಕಷ್ಟ. ಬುಟ್ಟಿ ಇರುವ ಬಾಡಿಗೆ ಸೈಕಲ್ಲಿಗೆ ಇದು ಜಾಗವೇ ಅಲ್ಲ. ಸಸ್ಪೆನ್ಷನ್, ಅಗಲ ಟೈರು, ಹೆಲ್ಮೆಟ್ ಇದ್ದವರಿಗೆ ಮಾತ್ರ.

ಕಲ್ಲುಕ್ವಾರಿ
ಮಧ್ಯಾಹ್ನ ಸಮಯ ಉಳಿದರೆ ಪೆಕಾನ್ ಕ್ವಾರಿ ನೋಡಿ. ಊರಿಗೆ ಹತ್ತಿರ, ಜೆಟ್ಟಿಗೆ ಹೋಗುವ ಮೊದಲು ಅರ್ಧ ಗಂಟೆ ಸಾಕು. ಕಲ್ಲು ತೆಗೆದ ಹೊಂಡದಲ್ಲಿ ನೀರು ತುಂಬಿ ಕೆರೆಯಾಗಿದೆ, ಬೂದು ಬಕ, ನೀರುಕಾಗೆಗಳು ಸಿಗುತ್ತವೆ. ಈ ದ್ವೀಪದ ಗ್ರಾನೈಟ್ 1851ರಲ್ಲಿ ಮುಗಿದ ಹಾರ್ಸ್‌ಬರ್ಗ್ ದೀಪಸ್ತಂಭಕ್ಕೂ ಆಮೇಲೆ ಜೋಹೋರ್ ಸೇತುದಾರಿಗೂ ಹೋಗಿದೆ. ಕೊನೆಯ ಕ್ವಾರಿ ಮುಚ್ಚಿದ್ದು 1999ರಲ್ಲಿ. ಕೆಲಸ ಹೋದ ಹಾಗೆ ಜನರೂ ನಗರ ಸೇರಿದರು. ಒಂದು ಕಾಲಕ್ಕೆ ಸುಮಾರು ಎರಡು ಸಾವಿರ ಜನ ಇದ್ದ ಕಡೆ ಈಗ ಬೆರಳೆಣಿಕೆಯ ಮನೆಗಳು. ನಗರದ ವಿದ್ಯುತ್ ಜಾಲ ಇಲ್ಲಿಗೆ ಬಂದಿಲ್ಲ, ಡೀಸೆಲ್ ಜನರೇಟರ್, ಜೆಟ್ಟಿ ಸುತ್ತ 2013ರಿಂದ ಸೌರಫಲಕ ಸೇರಿದ ಚಿಕ್ಕ ಜಾಲ. ಅದಕ್ಕೇ ಫೋನ್ ಚಾರ್ಜಿಗೆ ಅಂಗಡಿಯವರನ್ನು ಕೇಳದೆ ಪವರ್‌ಬ್ಯಾಂಕ್ ಒಯ್ಯುವುದು ಒಳ್ಳೆಯದು.

ಕ್ವಾರಿ ನೀರಿಗೆ ಯಾರೂ ಇಳಿಯಬಾರದು. ದಡದಿಂದ ಒಂದೇ ಹೆಜ್ಜೆಗೆ ಆಳ, ಗೋಡೆ ನೆಟ್ಟಗೆ, ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಬೇಲಿ ಹಾಕಿರುವುದು ಅದಕ್ಕೆ.

ಚುರುಕಾಗಿರುವ ಇಬ್ಬರು ಪುಆಕಾ ಗುಡ್ಡ ಹತ್ತಬಹುದು, ಸುಮಾರು 75 ಮೀಟರ್, ದ್ವೀಪದ ಅತಿ ಎತ್ತರ. ಮಳೆ ಬಂದ ದಿನ ಬೇಡ, ಬಂಡೆ ಜಾರುತ್ತದೆ.

ಚೆಕ್ ಜಾವಾ ಬಾಗಿಲ ಹತ್ತಿರದ ಒಂದನೇ ಮನೆಯನ್ನು (ಹೌಸ್ ನಂ. 1 ಅಂತಲೇ ಅದರ ಹೆಸರು) ಬಿಟ್ಟು ಬರಬೇಡಿ. 1930ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿಯೊಬ್ಬರ ರಜಾಮನೆಯಾಗಿ ಕಟ್ಟಿದ್ದು, ಟ್ಯೂಡರ್ ಶೈಲಿ, ಒಳಗೆ ಚಳಿ ಕಾಯಿಸುವ ಅಗ್ಗಿಷ್ಟಿಕೆ ಬೇರೆ! ಸಮಭಾಜಕದಿಂದ ಬರೀ ನೂರೈವತ್ತು ಚಿಲ್ಲರೆ ಕಿಲೋಮೀಟರ್ ದೂರದ ಊರಿನಲ್ಲಿ.

ಭರತಇಳಿತ
ಮಳೆ. ಜೂನ್‌ನಲ್ಲಿ ಕಾಡುವುದು ಸುಮಾತ್ರಾ ಬಿರುಗಾಳಿ. ರಾತ್ರಿ ಸುಮಾತ್ರಾ ಕಡೆ ಹುಟ್ಟಿ ಪೂರ್ವಕ್ಕೆ ಬರುತ್ತದೆ, ಸಿಂಗಪುರಕ್ಕೆ ಬೆಳಗಿನ ಜಾವದಿಂದ ಬೆಳಿಗ್ಗೆಯೊಳಗೆ ಬಡಿಯುತ್ತದೆ, ಗಾಳಿ ಗಂಟೆಗೆ 40ರಿಂದ 80 ಕಿಲೋಮೀಟರ್. ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಅಷ್ಟು ಹೊತ್ತು ದೋಣಿ ಬಿಡುವುದಿಲ್ಲ, ದೋಣಿಯವರ ಜೊತೆ ವಾದ ಮಾಡಬೇಡಿ. ಹೊರಡುವ ಮೊದಲು ಮಳೆ ರಾಡಾರ್ ಚಿತ್ರ ನೋಡಿ, ಪಶ್ಚಿಮದಿಂದ ಬಿಲ್ಲಿನ ಹಾಗೆ ಬಾಗಿದ ಕೆಂಪು ಸಾಲು ಬರುತ್ತಿದ್ದರೆ ಚಾಂಗಿಯಲ್ಲೇ ಕೂತು ಕಾಫಿ ಕುಡಿಯಿರಿ, ಅದು ದಾಟಿದ ಮೇಲೆ ಹೋಗಿ.

ಗುಡುಗು ಕೇಳಿದರೆ ಹಲಗೆದಾರಿ, ಗೋಪುರ ಎರಡನ್ನೂ ಬಿಟ್ಟು ಒಂದನೇ ಮನೆಯ ಕಡೆ ನಡೆಯಿರಿ. ಕಡಲ ಮೇಲಿನ ಹಲಗೆದಾರಿಯಲ್ಲಿ ಅತಿ ಎತ್ತರದ ವಸ್ತು ನೀವೇ ಆಗಿರುತ್ತೀರಿ. ದೊಡ್ಡ ಮರದ ಬುಡದಲ್ಲಿ ನಿಲ್ಲುವುದೂ ಬೇಡ, ಗಾಳಿಗೆ ಕೊಂಬೆ ಮುರಿಯುತ್ತದೆ. ನವೆಂಬರ್‌ನಿಂದ ಜನವರಿ ಮಳೆ ಬೇರೆ ಥರ, ದಿನಗಟ್ಟಲೆ ಹಿಡಿಯುತ್ತದೆ, ಅದಕ್ಕೆ ಬದಲಿ ದಿನ ಇಟ್ಟುಕೊಳ್ಳುವುದೇ ಉಪಾಯ.

ಹೊಸಬರು
ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ಇಷ್ಟೆಲ್ಲ ಯಾಕೆ, ದಕ್ಷಿಣದ ಸೇಂಟ್ ಜಾನ್ಸ್, ಲಾಜರಸ್ ದ್ವೀಪಗಳು ಆಗುವುದಿಲ್ಲವೇ? ಒಳ್ಳೆಯ ಮರಳಿನ ತೀರ ಇದೆ.

ಚಾಂಗಿಬಸ್
ಆಗುತ್ತದೆ, ಆದರೆ ಅದು ಬೇರೆ ಥರದ ದಿನ. ಅಲ್ಲಿಗೆ ಮರೀನಾ ಸೌತ್ ಪಿಯರ್‌ನಿಂದ ನಿಗದಿತ ವೇಳೆಯ ಫೆರ್ರಿ, ಟಿಕೆಟ್ ಮೊದಲೇ ಕೊಳ್ಳಬೇಕು, ಕೊನೆಯ ಫೆರ್ರಿ ತಪ್ಪಿದರೆ ಬದಲಿ ಇಲ್ಲ. ಸೇಂಟ್ ಜಾನ್ಸ್‌ನಿಂದ ಲಾಜರಸ್‌ಗೆ ನಡೆದೇ ದಾಟಬಹುದು. ಈಜಬೇಕು, ಮರಳಲ್ಲಿ ಮಲಗಬೇಕು ಅನ್ನುವವರಿಗೆ ಅದೇ ಸರಿ. ಉಬಿನ್‌ನಲ್ಲಿ ಈಜುವ ಲೆಕ್ಕ ಇಟ್ಟುಕೊಳ್ಳಬೇಡಿ.

ಹೊಸಬರು
ಉಬಿನ್‌ನಲ್ಲಿ ರಾತ್ರಿ ಡೇರೆ ಹಾಕಬಹುದಂತೆ?

ಬರಿಗಾಲು
ಎರಡು ಜಾಗ, ಜೆಲುತೊಂಗ್ ದಕ್ಷಿಣ ದಡದಲ್ಲಿ ಜೆಟ್ಟಿಗೆ ಹತ್ತಿರ, ಮಾಮಾಮ್ ಉತ್ತರ ದಡದಲ್ಲಿ ದೂರ. ಎರಡು ದಿನದ ಕುಡಿಯುವ ನೀರು ಹೊತ್ತೊಯ್ಯಬೇಕು, ಅಂದರೆ ತಲೆಗೆ ಕಡಿಮೆಯೆಂದರೂ ಐದು ಲೀಟರ್. ತಿಂಡಿಯನ್ನು ಡೇರೆಯೊಳಗೆ ಇಟ್ಟರೆ ರಾತ್ರಿ ಹಂದಿ ಬಟ್ಟೆ ಸೀಳಿ ಮೂತಿ ಹಾಕುತ್ತದೆ, ಬಿಗಿ ಮುಚ್ಚಳದ ಡಬ್ಬಿ ಬೇಕೇ ಬೇಕು. ಕಸ ಪೂರ್ತಿ ವಾಪಸ್ ತರಬೇಕು. ಅಮಾವಾಸ್ಯೆ ಹುಣ್ಣಿಮೆಯ ದಿನಗಳಲ್ಲಿ ಹಿಂದಿನ ಭರತದ ಕಸದ ಗೆರೆ ಮರಳಿನ ಮೇಲೆ ಎಲ್ಲಿದೆ ನೋಡಿ, ಅದಕ್ಕಿಂತ ಸಾಕಷ್ಟು ಮೇಲೆ ಡೇರೆ ಹೊಡೆಯಿರಿ.

ಮಂಗಟ್ಟೆ
ದಿನ ಆರಿಸುವವರಿಗೆ ಇನ್ನೊಂದು ಎಚ್ಚರಿಕೆ. ವೆಸಾಕ್ ಹಬ್ಬದ (ನಮ್ಮ ಬುದ್ಧ ಪೂರ್ಣಿಮೆ) ಸುಮಾರಿಗೆ, ಸಾಮಾನ್ಯವಾಗಿ ಮೇ ತಿಂಗಳಲ್ಲಿ, ಊರಿನ ಚೀನೀ ದೇವಸ್ಥಾನದ ಉತ್ಸವ. ವೇದಿಕೆಯಲ್ಲಿ ನಾಟಕ, ಹಾಡು, ರಾತ್ರಿಯೂ ಜನ. ಅದನ್ನೇ ನೋಡಲು ಹೋಗುವುದಾದರೆ ಸೊಗಸು, ಮೌನ ಹುಡುಕಿ ಹೋಗುವುದಾದರೆ ಬೇರೆ ವಾರ.

ಪ್ರಶ್ನಾರ್ಥಕ
ಹಾಗಾದರೆ ಹೀಗೆ ಮಾಡುತ್ತೇವೆ: ಜೂನ್‌ನಲ್ಲಿ ಒಂದು ಬುಧವಾರ, ಇಳಿತ ಏಳರ ಆಸುಪಾಸು. ಏಳಕ್ಕೆ ಚಾಂಗಿ ಪಾಯಿಂಟ್, ಎಂಟರೊಳಗೆ ಉಬಿನ್. ಹಿರಿಯರಿಗೆ ವ್ಯಾನ್, ಉಳಿದವರಿಗೆ ಸೈಕಲ್. ಎಂಟೂವರೆಗೆ ಜೆಜಾವಿ ಗೋಪುರ, ಆಮೇಲೆ ಕಾಂಡ್ಲಾ ಸುತ್ತು, ಒಂದನೇ ಮನೆ. ಹನ್ನೊಂದೂವರೆಗೆ ಊರು, ಕಟ್ಟಿಕೊಂಡ ಊಟ, ಪೆಕಾನ್ ಕ್ವಾರಿ, ಎರಡಕ್ಕೆ ದೋಣಿ. ಶಾಲಾ ರಜೆ ತಪ್ಪಿಸುವುದಕ್ಕೆ ಆಗುವುದಿಲ್ಲ, ನಮ್ಮ ಮಗುವಿಗೆ ಅದೇ ರಜೆ.

ಹಳೇಸೈಕಲ್
ಎರಡಕ್ಕೆ ಹೊರಟರೆ ಸಾಲು ಇರುವುದಿಲ್ಲ, ರಜೆಯಿದ್ದರೂ ನಡೆಯುತ್ತದೆ. ಒಂದು ತಿದ್ದುಪಡಿ: ಅಷ್ಟು ಬೆಳಿಗ್ಗೆ ಎಲ್ಲ ಸೈಕಲ್ ಅಂಗಡಿಗಳೂ ತೆರೆದಿರುವುದಿಲ್ಲ. ತೆರೆದಿರುವ ಒಂದೆರಡರಲ್ಲಿ ಮಗುವಿನ ಅಳತೆಯದು ಸಿಗದಿದ್ದರೆ ಇಬ್ಬರು ತುಳಿಯುವ ಸೈಕಲ್ ಕೇಳಿ, ದೊಡ್ಡವರು ಮುಂದೆ ಕೂರಲಿ. ಅದೂ ಇಲ್ಲದಿದ್ದರೆ ಮಗುವೂ ವ್ಯಾನಿಗೆ.

ಚಾಂಗಿಬಸ್
ವ್ಯಾನಿನವರೂ ಅಷ್ಟೇ, ಬೆಳಿಗ್ಗೆ ಎಂಟಕ್ಕೆ ಜೆಟ್ಟಿಯಲ್ಲಿ ಕಾದಿರುತ್ತಾರೆ ಅಂತ ಅಂದುಕೊಳ್ಳಬೇಡಿ. ದೋಣಿಯಿಂದ ಇಳಿದ ಕೂಡಲೇ ಮೊದಲು ವ್ಯಾನ್ ವಿಚಾರಿಸಿ, ಆಮೇಲೆ ಸೈಕಲ್.